ಟ್ರಕ್ಕು ಸೇನೆಯದ್ದು, ರಿಪೇರಿ ಹಕ್ಕು ಯಾರದ್ದು?

ಲಾರಿ ಗ್ಯಾರೇಜ್‌ನಲ್ಲೇ ಬೆಳೆದವನು ನಾನು. ಹಿಂದಿನ ಆಕ್ಸಲ್‌ನಿಂದ ಗೊರಗೊರ ಸದ್ದು ಬಂತು ಅಂದ್ರೆ ಅಪ್ಪ ಮೊದಲು ಆಯಿಲ್ ಇಳಿಸಿ, ಬೆರಳಿಗೆ ಹಚ್ಚಿಕೊಂಡು ನೋಡುತ್ತಿದ್ದರು. ಕಬ್ಬಿಣದ ಚೂರು ಸಿಕ್ಕರೆ ಗೇರೋ ಬೇರಿಂಗೋ ಹೋಗಿದೆ ಅಂತ. ಹಾಲು ಬೆರೆಸಿದಂಗೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತ. ಅದೇ ಕಣ್ಣಿನಿಂದ ಅಮೆರಿಕ ಸೇನೆಯ ಹಳೆಯ ಎಂ35 ಟ್ರಕ್ಕಿನ ರಿಪೇರಿ ಕೈಪಿಡಿ ಓದುವಾಗ, ಇದು ಬರೀ ಮೆಕ್ಯಾನಿಕ್‌ಗಳ ವಿಷಯ ಅಲ್ಲ ಅನ್ನಿಸಿತು.

1950ರ ದಶಕದಲ್ಲಿ ಬಂದು ವಿಯೆಟ್ನಾಂ ಯುದ್ಧದಲ್ಲಿ ದುಡಿದ ಈ ಟ್ರಕ್ಕಿಗೆ ಹಿಂದೆ ಎರಡು ಆಕ್ಸಲ್. ಎಂಜಿನ್ ಕಡೆಯಿಂದ ಬರುವ ಶಾಫ್ಟ್ 6.72 ಸುತ್ತು ತಿರುಗಿದರೆ ಚಕ್ರ ತಿರುಗುವುದು 1 ಸುತ್ತು. ವೇಗ ಇಳಿಯುತ್ತೆ, ಎಳೆಯುವ ಬಲ ಏರುತ್ತೆ. ಗಾಡಿಯ ಭಾರ ಹೊರುವುದು ಆಕ್ಸಲ್ ಹೌಸಿಂಗ್ ಮತ್ತು ಹಬ್ ಬೇರಿಂಗ್‌ಗಳು. ಒಳಗಿನ ಆಕ್ಸಲ್ ಶಾಫ್ಟ್‌ಗೆ ಚಕ್ರ ತಿರುಗಿಸುವುದಷ್ಟೇ ಕೆಲಸ. ಹಾಗಾಗಿ ಅದು ತುಂಡಾದ್ರೂ ಚಕ್ರ ಕಳಚಿ ಬೀಳಲ್ಲ. ಚಕ್ರ ಬಿಚ್ಚದೆಯೇ ಹಬ್‌ನ ಬೋಲ್ಟ್ ತೆಗೆದು, ಶಾಫ್ಟ್ ಎಳೆದು, ಬೇರೆ ಹಾಕಬಹುದು.

ಗೇರ್ ಹಲ್ಲು ಮುರಿದಿದ್ದರೆ ಗೇರುಗಳ ಭಾಗವನ್ನು ಮೇಲಿನಿಂದ ಎತ್ತಿ ಬದಲಿಸುತ್ತಾರೆ. ಹೌಸಿಂಗೇ ಬಾಗಿದ್ದರೆ ಅಥವಾ ಸೀಳಿದ್ದರೆ ಮಾತ್ರ ಇಡೀ ಆಕ್ಸಲ್ ಹೊರಗೆ. ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಯನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಕೆಳಗೆ ನುಗ್ಗಿದರೆ ಪ್ರಾಣಕ್ಕೇ ಕುತ್ತು. ಆಮೇಲೆ ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಪೈಪ್, ಟಾರ್ಕ್ ರಾಡ್‌ಗಳನ್ನು ಬಿಚ್ಚಬೇಕು. ತುಕ್ಕು ಹಿಡಿದ ಟಾರ್ಕ್ ರಾಡ್ ಬಿಚ್ಚೋದೇ ಅರ್ಧ ಕೆಲಸ. ಜೋಡಿಸುವಾಗ ಹೊಸ ಸೀಲ್ ಹಾಕಲೇಬೇಕು, ಇಲ್ಲದಿದ್ದರೆ ಆಯಿಲ್ ಸೋರಿ ಬ್ರೇಕ್ ಲೈನಿಂಗ್ ಹಾಳಾಗುತ್ತೆ. ಕೊನೆಗೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯದೆ ಗಾಡಿ ರಸ್ತೆಗಿಳಿಸುವಂತಿಲ್ಲ.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಹೇಗೆ? ಸೇನೆಯ ಆ ಕೈಪಿಡಿ ಯಾರು ಬೇಕಾದ್ರೂ ಓದಬಹುದಾದ ದಾಖಲೆ. ಅಮೆರಿಕದಲ್ಲಿ ಸರ್ಕಾರವೇ ಬರೆದ ಬರಹಕ್ಕೆ ಕಾಪಿರೈಟ್ ಇಲ್ಲ. ಅದಕ್ಕೇ ಸೇನೆ ಹರಾಜು ಹಾಕಿದ ಈ ಟ್ರಕ್ಕುಗಳನ್ನು ಸಾಮಾನ್ಯ ಜನ ಇವತ್ತಿಗೂ ರಿಪೇರಿ ಮಾಡಿ ಓಡಿಸುತ್ತಿದ್ದಾರೆ.

ಈಗಿನ ಕಥೆಯೇ ಬೇರೆ. ಅಮೆರಿಕದ ಮರೀನ್ ಅಧಿಕಾರಿ ಎಲ್ ಎಕ್ಮನ್ 2019ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಪ್ರಕಾರ, ಜಪಾನ್‌ನಲ್ಲಿದ್ದ ಸೈನಿಕರು ಎಂಜಿನ್‌ಗಳನ್ನು ತಾವೇ ರಿಪೇರಿ ಮಾಡದೆ ಪ್ಯಾಕ್ ಮಾಡಿ ಅಮೆರಿಕದ ಗುತ್ತಿಗೆದಾರರಿಗೆ ಕಳಿಸುತ್ತಿದ್ದರು. ಯಾಕಂದ್ರೆ ಒಪ್ಪಂದ ಹಾಗಿತ್ತು. 2025ರಲ್ಲಿ ಸೇನೆಗೆ ರಿಪೇರಿ ಹಕ್ಕು ಕೊಡುವ ಅಂಶಗಳು ಅಮೆರಿಕದ ರಕ್ಷಣಾ ಮಸೂದೆಯ ಎರಡೂ ಸದನಗಳ ಕರಡಿನಲ್ಲಿದ್ದವು. ಅಂತಿಮ ಪಠ್ಯದಲ್ಲಿ ಮಾಯವಾದವು.

ಜಗತ್ತಿನ ಅತಿ ದೊಡ್ಡ ರಕ್ಷಣಾ ಬಜೆಟ್ ಇರುವ ಸೇನೆಗೇ ಈ ಗತಿ ಅಂದ್ರೆ, ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡ ರೈತನ ಪಾಡೇನು? ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ವಾಹನ, ಮೊಬೈಲ್ ಎಲ್ಲವೂ ಅದರ ಪಟ್ಟಿಯಲ್ಲಿವೆ. ಆದರೆ ಕಂಪನಿ ತಾನಾಗಿ ಕೊಟ್ಟ ಮಾಹಿತಿಯನ್ನು ಒಂದೆಡೆ ತೋರಿಸುವುದು ಬೇರೆ, ಕೊಡಲೇಬೇಕು ಅನ್ನುವ ಕಾಯ್ದೆ ಬೇರೆ.

ಕೈಪಿಡಿ, ಬಿಡಿಭಾಗ, ದೋಷ ಪತ್ತೆಯ ಸಾಫ್ಟ್‌ವೇರ್ ಈ ಮೂರೂ ಕಂಪನಿ ಕೈಯಲ್ಲೇ ಉಳಿದರೆ, ನಾವು ದುಡ್ಡು ಕೊಟ್ಟು ತಂದ ಗಾಡಿಗೆ ನಾವು ಬರೀ ಡ್ರೈವರ್‌ಗಳು. ರೈತ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಬೆಂಬಲ ಬೆಲೆಯ ಪಕ್ಕದಲ್ಲೇ ರಿಪೇರಿ ಹಕ್ಕಿಗೂ ಒಂದು ಸಾಲು ಇರಬೇಕು ಅಂತ ನಾನು ಹೇಳೋದು ಇದಕ್ಕೇ.