ಚದುರಂಗದ ಯಂತ್ರವೂ ಸಾರ್ವಜನಿಕ ಸ್ವತ್ತೂ

ಚದುರಂಗವು ಭರತಖಂಡದಲ್ಲಿ ಹುಟ್ಟಿ, ಪಾರಸಿಕರ ಮೂಲಕ ಅರಬರಿಗೂ ಅವರಿಂದ ಯೂರೋಪಿನವರಿಗೂ ಸಂದ ಆಟವೆಂಬುದನ್ನು ವಾಚಕರು ಬಲ್ಲರು. ಈ ದಾನಕ್ಕಾಗಿ ನಮ್ಮ ಪೂರ್ವಿಕರು ಯಾರಿಂದಲೂ ಪತ್ರ ಬರೆಯಿಸಿಕೊಳ್ಳಲಿಲ್ಲ. ಈಗ ಅದೇ ಆಟವನ್ನು ಸಮಸ್ತ ಮನುಷ್ಯರಿಗಿಂತಲೂ ಸಮರ್ಥವಾಗಿ ಆಡತಕ್ಕ ಗಣಕಯಂತ್ರದ ಕ್ರಮವಿಧಿಯೊಂದು ಯಾವೊಬ್ಬನ ಸ್ವತ್ತೂ ಆಗದೆ ಸರ್ವರ ಸ್ವತ್ತಾಗಿ ಬೆಳೆದುನಿಂತಿದೆ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೆ ಅದರ ಕರ್ತರು ಜರ್ಮನಿಯ ನ್ಯಾಯಸ್ಥಾನದ ಮೆಟ್ಟಲನ್ನು ಹತ್ತಬೇಕಾಗಿ ಬಂದ ಸಂಗತಿಯು ವಿಚಾರಾರ್ಹವಾದುದು.

1997ರಲ್ಲಿ ಐ.ಬಿ.ಎಂ. ಕಂಪನಿಯ ‘ಡೀಪ್ ಬ್ಲೂ’ ಯಂತ್ರವು ಜಗಜ್ಜೆಟ್ಟಿಯಾದ ಕಾಸ್ಪರೋವರನ್ನು ಸೋಲಿಸಿತಷ್ಟೆ. ಆ ಪಂದ್ಯವಾದ ಮೇಲೆ ಕಂಪನಿಯು ಯಂತ್ರವನ್ನು ಮತ್ತೆ ಆಡಿಸಲಿಲ್ಲ. ‘ಸ್ಟಾಕ್‌ಫಿಷ್’ ಎಂಬ ಕ್ರಮವಿಧಿಯ ಚರಿತ್ರೆಯು ಬೇರೆ ಬಗೆಯದು. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಎಂಬವರು 2004ರಲ್ಲಿ ‘ಗ್ಲಾರುಂಗ್’ ಎಂಬುದನ್ನು ಹೊರಡಿಸಿದರು. ಅದರ ಮೂಲಲಿಪಿಯು ಬೇಕಾದವರಿಗೆಲ್ಲ ದೊರೆಯುತ್ತಿದ್ದುದರಿಂದ, 2008ರಲ್ಲಿ ಇಟಲಿಯ ಮಾರ್ಕೋ ಕೊಸ್ಟಾಲ್ಬಾ ಅವರು ಅದನ್ನೇ ತಿದ್ದಿ ಹೊಸ ಹೆಸರಿನಿಂದ ಪ್ರಕಟಿಸಿದರು. ಸ್ಟಾಕ್‌ಫಿಷ್ ಎಂದರೆ ನಾರ್ವೆಯವರು ಒಣಗಿಸಿ ಇಟಲಿಯವರು ಬೇಯಿಸುವ ಮೀನು, ಹೆಸರಿನಲ್ಲಿಯೇ ವಂಶಾವಳಿಯಿದೆ!

2013ರಲ್ಲಿ ಗ್ಯಾರಿ ಲಿನ್‌ಸ್ಕಾಟ್ ಎಂಬವರು ‘ಫಿಷ್‌ಟೆಸ್ಟ್’ ಎಂಬ ಏರ್ಪಾಡನ್ನು ಮಾಡಿದ ಬಳಿಕ ಈ ಕಾರ್ಯವು ನಿಜವಾಗಿ ಸಾರ್ವಜನಿಕವಾಯಿತು. ಇದರಲ್ಲಿ ಯಾರು ಬೇಕಾದರೂ ತಿದ್ದುಪಡಿಯನ್ನು ಸೂಚಿಸಬಹುದು. ಸೂಚನೆ ಬಂದೊಡನೆ ಹಳೆಯ ರೂಪಕ್ಕೂ ಹೊಸ ರೂಪಕ್ಕೂ ಸಾವಿರಾರು ಆಟಗಳನ್ನು ಆಡಿಸುತ್ತಾರೆ. ಹೊಸದು ಮೇಲೆಂದು ಗಣಿತವು ಸ್ಪಷ್ಟವಾಗಿ ತೋರಿಸಿದರೆ ಅಂಗೀಕಾರ, ಇಲ್ಲವಾದರೆ ತಿರಸ್ಕಾರ. ಇಷ್ಟು ಆಟಗಳಿಗೆ ಬೇಕಾದ ಯಂತ್ರಶಕ್ತಿಯನ್ನು ಸ್ವಯಂಸೇವಕರು ತಮ್ಮ ತಮ್ಮ ಮನೆಯ ಗಣಕಯಂತ್ರಗಳಿಂದ ಧರ್ಮಾರ್ಥವಾಗಿ ಒದಗಿಸುತ್ತಾರೆ. ಸೂಚಿಸಿದವನು ಪಂಡಿತನೋ ಪಾಮರನೋ ಎಂಬ ಪ್ರಶ್ನೆ ಅಲ್ಲಿಲ್ಲ, ವಾಗ್ವೈಭವಕ್ಕೂ ಬೆಲೆಯಿಲ್ಲ. ನಮ್ಮ ಸಭೆ ಸಮಿತಿಗಳಲ್ಲಿ ಠರಾವುಗಳನ್ನು ಹೀಗೆ ಒರೆಗೆ ಹಚ್ಚುವ ಪದ್ಧತಿಯಿದ್ದರೆ ಎಷ್ಟು ಠರಾವುಗಳು ಉಳಿದಾವೆಂದು ಹೇಳಬಲ್ಲವರಾರು?

2017ರಲ್ಲಿ ಡೀಪ್‌ಮೈಂಡ್ ಕಂಪನಿಯ ‘ಆಲ್ಫಾಜೀರೋ’ ತನ್ನೊಡನೆ ತಾನೇ ಆಡಿ ಕಲಿತು, ಸ್ಟಾಕ್‌ಫಿಷ್ ಮೇಲೆ ನೂರು ಆಟಗಳಲ್ಲಿ 28ನ್ನು ಗೆದ್ದು 72ನ್ನು ಸಮ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ಕಂಪನಿಯು ಪ್ರಬಂಧವನ್ನು ಪ್ರಕಟಿಸಿತು, ಕ್ರಮವಿಧಿಯನ್ನು ಕೊಡಲಿಲ್ಲ. ಆದರೇನು? ಆ ಪ್ರಬಂಧದ ಆಧಾರದಿಂದಲೇ 2018ರಲ್ಲಿ ಸ್ವಯಂಸೇವಕರು ‘ಲೀಲಾ’ ಎಂಬ ಸ್ವತಂತ್ರ ಕ್ರಮವಿಧಿಯನ್ನು ಕಟ್ಟಿದರು. ಸ್ಟಾಕ್‌ಫಿಷ್ ಕೂಡ ಸುಮ್ಮನಿರಲಿಲ್ಲ. ಜಪಾನಿನ ಶೋಗಿ ಆಟಕ್ಕಾಗಿ ಯು ನಾಸು ಎಂಬವರು 2018ರಲ್ಲಿ ಕಲ್ಪಿಸಿದ್ದ ನರಜಾಲವನ್ನು 2020ರಲ್ಲಿ ಅದು ತನ್ನದಾಗಿಸಿಕೊಂಡಿತು. ಒಂದು ಕಾಯಿ ನಡೆದಾಗ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡದೆ, ಬದಲಾದ ಭಾಗವನ್ನಷ್ಟೇ ತಿದ್ದಿಕೊಳ್ಳುವುದೇ ಈ ಜಾಲದ ವಿಶೇಷ. ಆದುದರಿಂದಲೇ ಅದು ಸಾಮಾನ್ಯ ಯಂತ್ರಗಳಲ್ಲಿಯೂ ವೇಗವಾಗಿ ನಡೆಯುತ್ತದೆ.

ಇನ್ನು ವ್ಯಾಜ್ಯದ ವಿಷಯ. ಸ್ಟಾಕ್‌ಫಿಷ್ ಅನ್ನು ಜಿ.ಪಿ.ಎಲ್. ಎಂಬ ಸನ್ನದಿನ ಮೇರೆಗೆ ಹಂಚಲಾಗುತ್ತದೆ. ಇದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು 1989ರಲ್ಲಿ ಹೊರಡಿಸಿದ ಸನ್ನದು. ಇದರಲ್ಲಿ ಮಾರಾಟಕ್ಕೆ ನಿಷೇಧವಿಲ್ಲವೆಂಬುದನ್ನು ಅನೇಕರು ಅರಿಯರು. ವರ್ತಕನು ಪ್ರತಿಗೆ ಬೆಲೆ ಕಟ್ಟಿ ಮಾರಬಹುದು, ಬೇಕಾದಂತೆ ತಿದ್ದಲೂಬಹುದು. ಆದರೆ ಕೊಂಡವನಿಗೆ ತಿದ್ದಿದ ಮೂಲಲಿಪಿಯನ್ನು ಕೊಡತಕ್ಕದ್ದು. ತಾನು ಪಡೆದ ಹಕ್ಕುಗಳನ್ನೆಲ್ಲ ಅವನಿಗೂ ಒಪ್ಪಿಸತಕ್ಕದ್ದು. ಊರ ಕೆರೆಯ ನೀರನ್ನು ಹೊತ್ತುಕೊಂಡು ಹೋಗಲು ಅಡ್ಡಿಯಿಲ್ಲ, ಕೆರೆಗೆ ಬೇಲಿ ಹಾಕಲಾಗದು.

ಜರ್ಮನಿಯ ಚೆಸ್‌ಬೇಸ್ ಕಂಪನಿಯು 2021ರಲ್ಲಿ ‘ಫ್ಯಾಟ್ ಫ್ರಿಟ್ಸ್ 2’ ಎಂಬುದನ್ನು ಸುಮಾರು 100 ಯೂರೋ ಬೆಲೆಗೆ ಮಾರತೊಡಗಿತು. ಅದು ಅಲ್ಪಸ್ವಲ್ಪ ಬದಲಾವಣೆಯೊಡನೆ ಬೇರೊಂದು ನರಜಾಲವನ್ನು ಅಳವಡಿಸಿದ ಸ್ಟಾಕ್‌ಫಿಷ್ ಎಂದೂ, ಸನ್ನದಿನ ಷರತ್ತುಗಳು ಪಾಲಿತವಾಗಲಿಲ್ಲವೆಂದೂ ಕರ್ತರು ಆಪಾದಿಸಿ, ಕಂಪನಿಗಿದ್ದ ಹಕ್ಕು ರದ್ದಾಯಿತೆಂದು ಸಾರಿ ಮ್ಯೂನಿಕ್ ನಗರದಲ್ಲಿ ದಾವೆ ಹೂಡಿದರು. ಸಂಬಳವಿಲ್ಲದೆ ದುಡಿದವರಿಗೆ ಈ ದಾವೆಯೇಕೆ ಎಂದು ಕೇಳುವವರುಂಟು. ಧರ್ಮಾರ್ಥವಾಗಿ ಕೊಟ್ಟುದಕ್ಕೆ ಒಡೆಯರೇ ಇಲ್ಲವೆಂದು ತಿಳಿಯುವುದು ತಪ್ಪೆಂದು ನಮ್ಮ ಮತ. ಛತ್ರವನ್ನು ಕಟ್ಟಿಸಿದವನು ಬಾಡಿಗೆ ಕೇಳದಿದ್ದ ಮಾತ್ರಕ್ಕೆ ಛತ್ರವನ್ನು ಕ್ರಯಕ್ಕೆ ಬರೆದುಕೊಟ್ಟಂತಾಗುವುದೆ?

2022ರ ನವೆಂಬರಿನಲ್ಲಿ ಉಭಯಪಕ್ಷಗಳಿಗೂ ರಾಜಿಯಾಯಿತು. ಫ್ಯಾಟ್ ಫ್ರಿಟ್ಸ್ 2ರ ಮಾರಾಟವನ್ನು ನಿಲ್ಲಿಸಲೂ, ಒಂದು ವರ್ಷ ಕಾಲ ಸ್ಟಾಕ್‌ಫಿಷ್ ಅಡಗಿರುವ ಯಾವ ಸರಕನ್ನೂ ಹಂಚದಿರಲೂ, ಇಂಥ ಸನ್ನದುಗಳ ಪಾಲನೆಯನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲೂ ಕಂಪನಿಯು ಒಪ್ಪಿತು. ಅವಧಿ ಕಳೆದ ಮೇಲೆ ಷರತ್ತಿನಂತೆ ನಡೆದರೆ ಅದೂ ಎಲ್ಲರಂತೆ ಸ್ಟಾಕ್‌ಫಿಷ್ ಅನ್ನು ಬಳಸಬಹುದೆಂದು ಕರ್ತರೂ ಒಪ್ಪಿದರು.