ರೈಲಿಗೆ ಒಂದೇ ತಂತಿ, ನಮ್ಮ ಪಂಪಿಗೆ ಮೂರು ಯಾಕೆ?

ನಮ್ಮೂರು ಕಟಕೋಳಕ್ಕೆ ರೈಲಿಲ್ಲ. ಬೆಂಗಳೂರಿಗೆ ಹೊರಟರೆ ಸವದತ್ತಿ ಮೇಲೆ ಧಾರವಾಡಕ್ಕೆ ಬಂದು ರೈಲು ಹಿಡಿಯಬೇಕು. ಹೋದ ವರ್ಷ ಬೇಸಿಗೆಯಲ್ಲಿ ನನ್ನನ್ನು ಕಳಿಸಲು ಅಪ್ಪನೂ ಧಾರವಾಡದ ತನಕ ಬಂದಿದ್ದರು. ರಿವೈಂಡಿಂಗ್‌ಗೆ ಕೊಟ್ಟಿದ್ದ ಪಂಪಿನ ಮೋಟಾರು ತರುವ ಕೆಲಸವೂ ಇತ್ತು. ಗಾಳಿ ಮಳೆಗೆ ಮೂರು ಫೇಸಿನಲ್ಲಿ ಒಂದು ಹೋಗಿದ್ದು ಗೊತ್ತಾಗದೆ, ರಾತ್ರಿ ಕಬ್ಬಿಗೆ ನೀರು ಬಿಡಲು ಅಪ್ಪ ಸ್ವಿಚ್ ಒತ್ತಿದ್ದರು. ಮೋಟಾರು ಗುಂಯ್ ಅಂದು ಸುಟ್ಟಿತು. ಬಿಸಿಲಿಗೆ ಕಬ್ಬೂ ಬಾಡಿತು.

ಪ್ಲಾಟ್‌ಫಾರ್ಮಿಗೆ ರೈಲು ಬಂತು. ಎಂಜಿನ್ ಮೇಲೆ ಡಬ್ಲ್ಯೂಎಪಿ-7 ಅಂತ ಬರೆದಿತ್ತು. ಅಪ್ಪ ತಲೆ ಎತ್ತಿ ನೋಡಿ ಕೇಳಿದರು:

‘ಅಲ್ಲಪಾ ತಮ್ಮಾ, ಇಷ್ಟ ದೊಡ್ಡ ರೈಲಿಗೆ ಮ್ಯಾಲೆ ಒಂದ ತಂತಿ ಐತಿ. ನಮ್ಮ ಐದ ಎಚ್‌ಪಿ ಪಂಪಿಗೆ ಮೂರ ಬೇಕು. ಯಾಕ?’

‘ಅದರಾಗ ಟ್ರಾನ್ಸ್‌ಫಾರ್ಮರ್ ಇರತೈತ್ರಿ ಅಪ್ಪ.’

‘ಟಿಸಿ ನಮ್ಮ ಹೊಲದಾಗೂ ಐತಲ್ಲೋ!’

ನಾನು ಓದಿದ್ದು ಎಲೆಕ್ಟ್ರಿಕಲ್ ಬಿ.ಇ., ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಉತ್ತರ ಬಾಯಿಗೆ ಬರಲಿಲ್ಲ. ಅವತ್ತು ರಾತ್ರಿ ಬರ್ತ್ ಮೇಲೆ ಮಲಗಿ ಮೊಬೈಲಿನಲ್ಲಿ ಹುಡುಕುತ್ತಾ ಹೋದೆ. ದಾರಿ ಜರ್ಮನಿಗೆ ಹೋಯಿತು.

ನಿಮ್ಮ ಅಡುಗೆಮನೆಯ ಮಿಕ್ಸರ್ ನೋಡಿ. ಒಂದೇ ಫೇಸಿನಲ್ಲಿ ತಿರುಗುತ್ತದೆ, ವೇಗವನ್ನೂ ಬದಲಿಸಬಹುದು. ಆದರೆ ಒಳಗಿನ ಕಾರ್ಬನ್ ಸವೆಯುತ್ತದೆ, ಕಿಡಿ ಹಾರುತ್ತದೆ. ಪಂಪಿನ ಮೋಟಾರಿನಲ್ಲಿ ಕಾರ್ಬನ್ ಇಲ್ಲ. ಗಟ್ಟಿಮುಟ್ಟು, ವರ್ಷಗಟ್ಟಲೆ ದುಡಿಯುತ್ತದೆ. ಆದರೆ ಅದಕ್ಕೆ ಮೂರು ಫೇಸ್ ಬೇಕು. ವೇಗವೂ ಹೆಚ್ಚುಕಡಿಮೆ ಒಂದೇ, ಯಾಕೆಂದರೆ ಅದನ್ನು ನಿರ್ಧರಿಸುವುದು ಕರೆಂಟಿನ ಫ್ರೀಕ್ವೆನ್ಸಿ. ನಮ್ಮಲ್ಲಿ ಅದು 50 ಹರ್ಟ್ಸ್. ನೀರೆತ್ತಲು ಇಷ್ಟು ಸಾಕು. ರೈಲು ಮಾತ್ರ ನಿಂತಲ್ಲಿಂದ ಏಳಬೇಕು, ಓಡಬೇಕು, ಮತ್ತೆ ನಿಲ್ಲಬೇಕು.

ಜರ್ಮನ್ನರು ಪಂಪಿನ ಜಾತಿಯ ಮೋಟಾರನ್ನು ರೈಲಿಗೆ ಕಟ್ಟಿ ನೋಡಿದ್ದು ಬಹಳ ಹಿಂದೆಯೇ. 1903ರಲ್ಲಿ ಬರ್ಲಿನ್ ಹತ್ತಿರದ ಒಂದು ಹಳಿಯ ಪಕ್ಕ ನಿಜವಾಗಿಯೂ ಮೂರು ತಂತಿ ಎಳೆದು, ಗಂಟೆಗೆ 210 ಕಿ.ಮೀ. ವೇಗ ಮುಟ್ಟಿದರು! ಆದರೆ ಊರೂರಿಗೆ, ಕ್ರಾಸಿಂಗ್ ಇದ್ದಲ್ಲೆಲ್ಲ ಮೂರು ತಂತಿ ಎಳೆಯುವುದು ಆಗುವ ಮಾತೇ? ಹಾಗಾಗಿ ಒಂದು ತಂತಿ, ಮಿಕ್ಸರ್ ಜಾತಿಯ ಮೋಟಾರು, ಇದೇ ಅಲ್ಲಿ ರೂಢಿಯಾಯಿತು. 1965ರಲ್ಲಿ ಗಂಟೆಗೆ 200 ಕಿ.ಮೀ. ಓಡಿ ಹೆಸರು ಮಾಡಿದ 103 ಮಾದರಿಯ ಎಂಜಿನ್ ಕೂಡ ಒಳಗೊಳಗೆ ಒಂದು ದೈತ್ಯ ಮಿಕ್ಸರ್ರೇ.

ಬದಲಾವಣೆ ತಂದಿದ್ದು ಸೆಮಿಕಂಡಕ್ಟರ್. 1971ರಲ್ಲಿ ಹೆನ್ಶೆಲ್ ಮತ್ತು ಬ್ರೌನ್ ಬೊವೆರಿ ಕಂಪನಿಗಳು ಒಂದು ಡೀಸೆಲ್ ಎಂಜಿನ್ನಿನಲ್ಲಿ ಇದರ ಪ್ರಯೋಗ ಮಾಡಿದವು. 1979ರಲ್ಲಿ 120 ಎಂಬ ಎಲೆಕ್ಟ್ರಿಕ್ ಎಂಜಿನ್ ಬಂತು. ಮೇಲೆ ಒಂದೇ ತಂತಿ, ಕರೆಂಟು ವಾಪಸು ಹೋಗಲು ಹಳಿ. ಎಂಜಿನ್ ಒಳಗೆ ಮೊದಲು ಆ ಕರೆಂಟನ್ನು ಡಿಸಿ ಮಾಡುತ್ತಾರೆ. ಆಮೇಲೆ ಥೈರಿಸ್ಟರ್ ಎಂಬ ಸ್ವಿಚ್ಚುಗಳು ಸೆಕೆಂಡಿಗೆ ನೂರಾರು ಸಲ ಬಡಿದು, ಅದೇ ಡಿಸಿಯಿಂದ ಮೂರು ಫೇಸ್ ಹುಟ್ಟಿಸುತ್ತವೆ. ಫ್ರೀಕ್ವೆನ್ಸಿಯೂ ಎಂಜಿನ್ನಿನ ಕೈಯಲ್ಲೇ. ನಿಧಾನ ಬೇಕೆಂದರೆ ಕಡಿಮೆ, ಜೋರು ಬೇಕೆಂದರೆ ಹೆಚ್ಚು. ಬ್ರೇಕ್ ಹಾಕಿದರೆ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸು ಕೊಡುತ್ತದೆ.

ಮೊದಲು ಐದೇ ಎಂಜಿನ್ ಮಾಡಿ ವರ್ಷಗಟ್ಟಲೆ ಓಡಿಸಿ ನೋಡಿದರು. ಉಳಿದ 60 ಎಂಜಿನ್ ಬಂದಿದ್ದು 1987ರಿಂದ ಈಚೆಗೆ. ತಿಂಗಳಿಗೊಂದು ರಿಲೀಸ್ ಮಾಡುವ ನಮ್ಮಂಥ ಸಾಫ್ಟ್‌ವೇರಿನವರಿಗೆ ಇಷ್ಟು ತಾಳ್ಮೆ ಇದೆಯಾ ಅನಿಸಿತು.

ಬ್ರೌನ್ ಬೊವೆರಿ 1988ರಲ್ಲಿ ಸ್ವೀಡನ್ನಿನ ಕಂಪನಿಯ ಜೊತೆ ಸೇರಿ ಎಬಿಬಿ ಆಯಿತು. 1993ರಲ್ಲಿ ಭಾರತೀಯ ರೈಲ್ವೆ ಆ ಎಬಿಬಿಯಿಂದಲೇ ಮೂರು ಫೇಸಿನ ಎಂಜಿನ್ನುಗಳನ್ನೂ ಅವನ್ನು ಮಾಡುವ ವಿದ್ಯೆಯನ್ನೂ ತರಿಸಲು ಒಪ್ಪಂದ ಮಾಡಿಕೊಂಡಿತು. ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ ಅದನ್ನು ಕಲಿತು 1998ರಲ್ಲಿ ಸ್ವಂತವಾಗಿ ಗೂಡ್ಸ್ ಎಂಜಿನ್ ಮಾಡಿತು. ಅದರ ಗೇರ್ ಬದಲಿಸಿ ಪ್ಯಾಸೆಂಜರ್ ರೈಲಿಗೆ ಹೊಂದಿಸಿದ್ದೇ ಧಾರವಾಡದಲ್ಲಿ ಅಪ್ಪ ನೋಡಿದ ಡಬ್ಲ್ಯೂಎಪಿ-7. ಆರು ಮೋಟಾರು, ಒಟ್ಟು ಆರು ಸಾವಿರಕ್ಕೂ ಹೆಚ್ಚು ಎಚ್‌ಪಿ.

ಮರುದಿನ ಫೋನಿನಲ್ಲಿ ಇಷ್ಟೂ ಹೇಳಿದೆ. ‘ರೈಲಿನ ಮೋಟಾರಿಗೂ ಮೂರ ಫೇಸ ಬೇಕ್ರಿ ಅಪ್ಪ. ಆದ್ರ ಅದು ಲೈನ್ ನೆಚ್ಚಿಕೊಂಡು ಕುಂತಿಲ್ಲ, ಒಳಗ ತಾನ ಮಾಡ್ಕೋತೈತಿ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗಾರ ಆ ಡಬ್ಬಿ ನಮ್ಮ ಪಂಪಿಗೆ ಕೂಡ್ರಸಾಕ ಬರತೈತೇನು?’

ಬರುತ್ತದೆ! ಎಸಿ ಮೋಟಾರಿನ ಸೋಲಾರ್ ಪಂಪಿನ ಜೊತೆ ಬರುವ ಕಂಟ್ರೋಲರ್ ಮಾಡುವುದು ಇದೇ ಕೆಲಸ. ಪ್ಯಾನೆಲ್ಲಿನ ಡಿಸಿಯಿಂದ ಮೂರು ಫೇಸ್ ಮಾಡುತ್ತದೆ, ಬಿಸಿಲು ಕಮ್ಮಿಯಾದರೆ ವೇಗ ಇಳಿಸುತ್ತದೆ.

ಸದ್ಯಕ್ಕೆ ನಮ್ಮ ಸ್ಟಾರ್ಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದೇವೆ. ಒಂದು ಫೇಸ್ ಹೋದರೆ ಪಂಪನ್ನು ಅದೇ ನಿಲ್ಲಿಸುತ್ತದೆ. ನಿಮ್ಮಲ್ಲಿ ಇಲ್ಲದಿದ್ದರೆ ಇವತ್ತೇ ಹಾಕಿಸಿ, ರಿವೈಂಡಿಂಗ್ ಖರ್ಚಿನ ಮುಂದೆ ಅದು ಏನೂ ಅಲ್ಲ.

ಸೋಲಾರ್ ಅಂದಕೂಡಲೇ ಅವ್ವ ಫೋನು ಕಸಿದುಕೊಂಡಳು. ‘ಹಗಲ ಹೊತ್ತ ನೀರ ಬಿಡಬಹುದು ಅಂದಂಗಾತು. ರಾತ್ರಿ ಹಾವು ಚೇಳಿನ್ಯಾಗ ನಿಮ್ಮಪ್ಪ ಹೋಗೂದು ತಪ್ಪತೈತಿ. ಆ ಅರ್ಜಿ ಹೆಂಗ ಹಾಕೂದು, ಅದನ್ನ ನೋಡ ಮೊದಲ.’

ನೋಡುತ್ತಿದ್ದೇನೆ.