ಕಂಕುಳಿನ ಗ್ರಂಥಿ, ಮಗ್ಗದ ಕೈ

ದೊಡ್ಡಬಳ್ಳಾಪುರದ ನನ್ನ ದೊಡ್ಡಮ್ಮ ಮೂರು ದಶಕಗಳ ಕಾಲ ವಿದ್ಯುತ್ ಮಗ್ಗದ ಮುಂದೆ ನಿಂತು ಸೀರೆ ನೇಯ್ದವರು. ಸ್ತನ ಕ್ಯಾನ್ಸರ್ ಅವರ ಜೀವ ತೆಗೆಯಲಿಲ್ಲ. ಮಗ್ಗದಿಂದ ಮಾತ್ರ ದೂರ ಮಾಡಿತು. ಶಸ್ತ್ರಚಿಕಿತ್ಸೆಯಾದ ಮರುವರ್ಷ ಬಲಗೈ ಊದಿಕೊಳ್ಳತೊಡಗಿತು. ಬಳೆ ಏರದಾಯಿತು, ಕಡಿದ ಎಳೆಗೆ ಗಂಟು ಹಾಕಲು ಬೆರಳು ಮಡಚದಾಯಿತು. ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಹೀಗಾಗಬಹುದೆಂದು ಯಾರೂ ಮೊದಲೇ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಸ್ತನದ ದುಗ್ಧರಸ ಬಹುಪಾಲು ಹರಿದು ಸೇರುವುದು ಕಂಕುಳಿನ ಗ್ರಂಥಿಗಳನ್ನು. ಕ್ಯಾನ್ಸರ್ ಕೋಶಗಳು ಹೊರಟಾಗಲೂ ಸಾಮಾನ್ಯವಾಗಿ ಮೊದಲು ತಂಗುವ ತಾಣ ಅದೇ. ಕೈಯ ದುಗ್ಧರಸಕ್ಕೂ ಅದೇ ದಾರಿ. ಗ್ರಂಥಿಗಳನ್ನೆಲ್ಲ ತೆಗೆದಾಗ ಆ ದ್ರವಕ್ಕೆ ಹಾದಿ ತಪ್ಪುತ್ತದೆ. ಸುಮಾರು ಐವರಲ್ಲಿ ಒಬ್ಬ ಮಹಿಳೆಗೆ ಕೈ ಬಾವು ಕಾಣಿಸಿಕೊಳ್ಳುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುವ ಪದ್ಧತಿಯನ್ನು ರೂಢಿಗೆ ತಂದರು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಆಯುಷ್ಯ ಎಂಬ ನಂಬಿಕೆ ಹಲವು ದಶಕ ಆಳಿತು. 1971ರಲ್ಲಿ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ ಆರಂಭವಾದ ಅಧ್ಯಯನ ಅದನ್ನು ಪ್ರಶ್ನಿಸಿತು. ಕಂಕುಳಿನಲ್ಲಿ ಗಂಟು ಕೈಗೆ ಸಿಗದ ಮಹಿಳೆಯರಲ್ಲಿ ಗ್ರಂಥಿಗಳನ್ನು ಆರಂಭದಲ್ಲೇ ತೆಗೆದರೂ ತೆಗೆಯದಿದ್ದರೂ ಬದುಕುಳಿಯುವಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು 2002ರಲ್ಲಿ ಪ್ರಕಟವಾದ ಅದರ 25 ವರ್ಷಗಳ ಫಲಿತಾಂಶ ಹೇಳಿತು.

1990ರ ದಶಕದಲ್ಲಿ ಇನ್ನೊಂದು ಉಪಾಯ ಬಂತು. ಸ್ತನಕ್ಕೆ ನೀಲಿ ಬಣ್ಣವನ್ನೋ ವಿಕಿರಣಶೀಲ ದ್ರವವನ್ನೋ ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ‘ಕಾವಲು ಗ್ರಂಥಿ’ಗಳನ್ನು ಮಾತ್ರ ತೆಗೆದು ಪರೀಕ್ಷಿಸುವುದು. ಅಲ್ಲಿ ರೋಗವಿಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಿಲ್ಲ. ಕೈ ಬಾವಿನ ಸಾಧ್ಯತೆ ಇದರಲ್ಲಿ ಇಪ್ಪತ್ತರಲ್ಲಿ ಒಬ್ಬರ ಆಸುಪಾಸಿಗೆ ಇಳಿಯುತ್ತದೆ. ಕೆಲವು ಆರಂಭಿಕ ಹಂತದ ರೋಗಿಗಳಿಗೆ ಇದೂ ಬೇಡವೆಂದು 2023 ಮತ್ತು 2024ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನಗಳು ತೋರಿಸಿವೆ.

ಹಾಗೆಂದು ದೊಡ್ಡ ಶಸ್ತ್ರಚಿಕಿತ್ಸೆ ಅನಗತ್ಯವಾಯಿತೆಂದಲ್ಲ. ಹಲವು ಗ್ರಂಥಿಗಳಿಗೆ ರೋಗ ಹರಡಿದ್ದರೆ ಇಂದಿಗೂ ಅವನ್ನು ತೆಗೆಯಬೇಕಾಗುತ್ತದೆ. ದೊಡ್ಡಮ್ಮನ ವಿಷಯದಲ್ಲಿ ವೈದ್ಯರ ನಿರ್ಧಾರ ಸರಿಯೇ ಇದ್ದಿರಬಹುದು. ಏಕೆಂದರೆ ಅವರು ಹೋದದ್ದೇ ತಡವಾಗಿ. ಗಂಟು ನೋಯುತ್ತಿರಲಿಲ್ಲ, ನೋಯದ್ದನ್ನು ರೋಗವೆನ್ನುವ ರೂಢಿ ನಮ್ಮಲ್ಲಿಲ್ಲ. ನೇಯ್ದಷ್ಟಕ್ಕೆ ಕೂಲಿ ಸಿಗುವ ಕೆಲಸದಲ್ಲಿ, ಇಡೀ ನಗರವನ್ನು ದಾಟಿ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಅನ್ನವನ್ನು ಬಿಟ್ಟಂತೆ.

ಹೀಗಾಗಿ ಸಣ್ಣ ಶಸ್ತ್ರಚಿಕಿತ್ಸೆಯ ಲಾಭ ಬೇಗ ಬಂದವರ ಪಾಲಾಗುತ್ತಿದೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ದುಡಿಯುವ ಹೆಣ್ಣುಮಕ್ಕಳಿಗೆ ಅದು ದಕ್ಕಬೇಕಾದರೆ ತಪಾಸಣೆ ಅವರ ಊರಿಗೇ ಬರಬೇಕು. 30ರಿಂದ 65 ವರ್ಷದ ಮಹಿಳೆಯರ ಸ್ತನವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಕಾಗದದ ಮೇಲಿನ ಈ ಮಾತು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಕಾಣಬೇಕು.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಎಷ್ಟು ಗ್ರಂಥಿ ತೆಗೆಯುತ್ತೀರಿ, ಏಕೆ, ಕಾವಲು ಗ್ರಂಥಿಯ ಪರೀಕ್ಷೆ ಸಾಧ್ಯವೇ ಎಂದು ಮನೆಯವರು ಕೇಳಬೇಕು. ಕೈಗೆ ಯಾವ ವ್ಯಾಯಾಮ ಬೇಕು, ಗಾಯ, ಸೋಂಕುಗಳಿಂದ ಅದನ್ನು ಹೇಗೆ ಕಾಪಾಡಬೇಕು, ಬಾವಿನ ಮೊದಲ ಸೂಚನೆ ಏನೆಂದು ಮನೆಗೆ ಕಳುಹಿಸುವ ಮುನ್ನ ಆಸ್ಪತ್ರೆ ಹೇಳಬೇಕು. ಬಾವು ಆರಂಭದಲ್ಲಿದ್ದಾಗ ಒತ್ತುಪಟ್ಟಿ, ವ್ಯಾಯಾಮಗಳಿಂದ ಹತೋಟಿಗೆ ತರುವುದು ಸುಲಭ.

ದೊಡ್ಡಮ್ಮ ಈಗಲೂ ಮಗ್ಗದ ಸದ್ದು ಕೇಳಿಯೇ ಯಾವ ಎಳೆ ಕಡಿಯಿತೆಂದು ಹೇಳುತ್ತಾರೆ. ಗಂಟು ಹಾಕಲು ಸೊಸೆಯನ್ನು ಕೂಗುತ್ತಾರೆ.